‘ಆಗೋಯ್ತು’ ಅಂದ್ರೆ ಮುಗಿಸಿದ್ದು ಯಾರು?

ಕೊಪ್ಪದ ಯಾವ ಅಂಗಡಿಗಾದರೂ ಹೋಗಿ ಸಕ್ಕರೆ ಕೇಳಿ. ಇಲ್ಲದಿದ್ದರೆ ಅಂಗಡಿಯವರು ‘ಸಕ್ಕರೆ ಇಲ್ಲ’ ಅಂತ ಹೇಳುವುದು ಕಡಿಮೆ. ‘ಆಗೋಯ್ತು ಕಣಣ್ಣ’ ಅಂತಾರೆ. (ಇದು ಮಲೆನಾಡಿನ ಕೊಪ್ಪ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನದು, ಕುಶಾಲನಗರದ ಪಕ್ಕ, ಕಾವೇರಿ ಈಚೆ ದಡದ್ದು.)

‘ಆಗು’ ಅಂದರೆ ಉಂಟಾಗುವುದು. ಮದುವೆ ಆಗುತ್ತೆ, ಮಳೆ ಆಗುತ್ತೆ, ಮಗು ಆಗುತ್ತೆ. ಅದರ ಬಾಲಕ್ಕೆ ‘ಹೋಯ್ತು’ ಕಟ್ಟಿದ ಕೂಡಲೇ ಅರ್ಥ ಉಲ್ಟಾ. ಸಕ್ಕರೆ ಆಗೋಯ್ತು, ಗ್ಯಾಸು ಆಗೋಯ್ತು, ರಜೆ ಆಗೋಯ್ತು.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಏನಾದರೂ ಮುಗಿದದ್ದನ್ನು ಹೇಳುವ ಮಾತುಗಳನ್ನು ಸಾಲಾಗಿ ಹೇಳಿಕೊಂಡು ನೋಡಿ. ಮುಗ್ದೋಯ್ತು. ತೀರೋಯ್ತು. ಬತ್ತೋಯ್ತು. ಇಂಗೋಯ್ತು. ಸವ್ದೋಯ್ತು. ಖಾಲಿಯಾಗೋಯ್ತು. ಎಲ್ಲದರ ಕೊನೆಯಲ್ಲೂ ಅದೇ ‘ಹೋಯ್ತು’. ಆ ವಸ್ತು ತಾನಾಗಿ ಚಪ್ಪಲಿ ಮೆಟ್ಟಿಕೊಂಡು ಎದ್ದು ನಡೆದ ಹಾಗೆ. ಯಾರು ತಿಂದರು, ಯಾರು ಸುಟ್ಟರು ಅನ್ನುವುದಕ್ಕೆ ಆ ಮಾತಿನಲ್ಲಿ ಜಾಗ ಇಲ್ಲ.

ಹಾಗಂತ ಕನ್ನಡಕ್ಕೆ ಮಾಡಿದವನನ್ನು ಹಿಡಿದು ತೋರಿಸಲು ಬರುವುದಿಲ್ಲ ಅಂದುಕೊಳ್ಳಬೇಡಿ. ಅದಕ್ಕೆ ಬೇರೆ ಬಾಲ ಇದೆ: ‘ಹಾಕು’. ತಿಂದಾಕ್ದ, ಕುಡ್ದಾಕ್ದ, ಸುಟ್ಟಾಕಿದ್ರು, ಕಡ್ದಾಕಿದ್ರು. ಇಲ್ಲಿ ಮಾಡಿದವನು ಮಾತಿನ ಒಳಗೇ ನಿಂತಿರುತ್ತಾನೆ, ತಪ್ಪಿಸಿಕೊಳ್ಳಲಾರ. ‘ಹೋಗು’ ಮತ್ತು ‘ಹಾಕು’, ಈ ಎರಡು ಬಾಲಗಳಲ್ಲಿ ನಾವು ಯಾವಾಗ ಯಾವುದನ್ನು ಕಟ್ಟುತ್ತೇವೆ ಅನ್ನುವುದೇ ಈ ಬರಹದ ವಿಷಯ. ನಮ್ಮ ನಾಲ್ಕು ತಾಲ್ಲೂಕಿನ ಚರಿತ್ರೆಯ ಒಂದು ತುಂಡು ಅದರೊಳಗೆ ಅಡಗಿದೆ.

ಮೊದಲು ಇಂಗ್ಲಿಷಿನ ಕಡೆ ಒಂದು ಸುತ್ತು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದು ಉಪಯೋಗಕ್ಕೂ ಬರುತ್ತೆ.

ಇಂಗ್ಲಿಷಿನವರು ನಾವು ‘ಹಾಕು’ ಸೇರಿಸುವ ಕಡೆ ‘ಅಪ್’ ಅನ್ನುವ ಪುಟ್ಟ ಪದ ಸೇರಿಸುತ್ತಾರೆ. ಈಟ್ ಅಂದರೆ ತಿನ್ನು, ಈಟ್ ಅಪ್ ಅಂದರೆ ಪೂರ್ತಿ ತಿಂದಾಕು. ಯೂಸ್ ಅಂದರೆ ಬಳಸು, ಯೂಸ್ ಅಪ್ ಅಂದರೆ ಬಳಸಿ ಮುಗಿಸು. ‘ಅಪ್’ ಅಂದರೆ ಮೇಲೆ ಅಂತ ಕಲಿತ ಮಗುವಿಗೆ ಇದು ತಲೆ ಕೆಡಿಸುತ್ತೆ. ‘ನಮ್ಮ ತಿಂದಾಕು ಇದ್ದ ಹಾಗೆ ಮಗ’ ಅಂತ ಹೇಳಿಕೊಟ್ಟರೆ ತಕ್ಷಣ ಹಿಡಿಯುತ್ತೆ. ನಮ್ಮ ‘ಹಾಕು’ವಿಗೂ ಇಡುವುದು, ಸುರಿಯುವುದು ಅನ್ನುವ ಸ್ವಂತ ಅರ್ಥ ಅಲ್ಲಿ ಉಳಿದಿಲ್ಲವಲ್ಲ. ನಮ್ಮ ‘ಆಗೋಯ್ತು’ವಿಗೆ ಹತ್ತಿರದ್ದು ರನ್ ಔಟ್. ಕ್ರಿಕೆಟ್ಟಿನದಲ್ಲ, ಸಾಮಾನು ತೀರಿತು ಅನ್ನುವುದಕ್ಕೂ ಅವರು ಅದನ್ನೇ ಹೇಳುತ್ತಾರೆ. ಅಂದರೆ ಅವರ ಹತ್ತಿರವೂ ಎರಡು ಬಗೆಯವೂ ಇವೆ.

ಇನ್ನು ಪುಸ್ತಕದ, ಕಚೇರಿಯ, ವರದಿಯ ದೊಡ್ಡ ಮಾತುಗಳು ಮೂರು: ಎಕ್ಸಾಸ್ಟ್, ಡಿಪ್ಲೀಟ್, ಕನ್ಸ್ಯೂಮ್. ಮೂರೂ ಲ್ಯಾಟಿನ್ ಮೂಲದವು, ಮೂರಕ್ಕೂ ಒಳ್ಳೆಯ ಕಥೆ ಇದೆ.

ಎಕ್ಸಾಸ್ಟ್ ಪದದ ಮೂಲ ಅರ್ಥ ನೀರು ಸೇದಿ ಹೊರಗೆ ತೆಗೆಯುವುದು. ಕೊಡ ಇಳಿಬಿಟ್ಟು ಸೇದುತ್ತಾ ಹೋದರೆ ಬಾವಿ ಬರಿದಾಗುತ್ತಲ್ಲ, ಆ ಚಿತ್ರ. ದಣಿದವನನ್ನು ಎಕ್ಸಾಸ್ಟ್ ಆದ ಅನ್ನುವುದು ಆಮೇಲೆ ಬಂದದ್ದು: ಅವನೊಳಗಿನ ಕಸುವನ್ನು ಸೇದಿ ತೆಗೆದಾಯಿತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಹೊಗೆ ಸೇದುತ್ತೆ. ನಮ್ಮ ‘ಸೇದು’ ಕೂಡ ಇದೇ ಎರಡು ಕೆಲಸ ಮಾಡುತ್ತೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯಿಂದ ಹೊಗೆ ಸೇದುತ್ತೇವೆ. ಹೊಗೆಸೊಪ್ಪಿನ ಸೀಮೆಯವರಾದ ನಮಗೆ ಇದಕ್ಕಿಂತ ಹತ್ತಿರದ ಪದ ಬೇಕಾ?

ಡಿಪ್ಲೀಟ್ ಅಂದರೆ ತುಂಬಿದ್ದನ್ನು ಬರಿದು ಮಾಡು. ಇಂಗ್ಲಿಷಿನಲ್ಲಿ ಮೊದಮೊದಲು ಇದು ವೈದ್ಯರ ಮಾತಾಗಿತ್ತು. ಜ್ವರ ಬಂದವರ ಮೈಯಿಂದ ರಕ್ತ ತೆಗೆದರೆ ವಾಸಿಯಾಗುತ್ತೆ ಅಂತ ನಂಬಿ, ನರ ಕೊಯ್ದೋ ಜಿಗಣೆ ಬಿಟ್ಟೋ ರಕ್ತ ಇಳಿಸುತ್ತಿದ್ದರು. ಅದಕ್ಕೆ ಈ ಹೆಸರು. ಇವತ್ತು ‘ಅಂತರ್ಜಲ ಡಿಪ್ಲೀಟ್ ಆಗಿದೆ’ ಅಂತ ವರದಿಯಲ್ಲಿ ಓದುವಾಗ ಆ ಜಿಗಣೆ ಒಂದು ಸಲ ಕಣ್ಣಮುಂದೆ ಬಂದರೆ ತಪ್ಪೇನಿಲ್ಲ.

ಕನ್ಸ್ಯೂಮ್ ಇನ್ನೂ ಗಟ್ಟಿ. ಬೆಂಕಿ ಮನೆಯನ್ನು ಸುಟ್ಟು ಇಲ್ಲವಾಗಿಸಿದ್ದಕ್ಕೆ, ರೋಗ ಮೈಯನ್ನು ಕರಗಿಸಿದ್ದಕ್ಕೆ ಇದನ್ನು ಬಳಸುತ್ತಿದ್ದರು. ಟಿ.ಬಿ.ಗೆ ಇಂಗ್ಲಿಷಿನ ಹಳೆಯ ಹೆಸರು ‘ಕನ್ಸಂಪ್ಷನ್’. ರೋಗಿ ದಿನದಿನಕ್ಕೆ ಸೊರಗುತ್ತಾನೆ, ಮೈ ತಾನೇ ತಿಂದುಹೋದ ಹಾಗೆ ಕಾಣುತ್ತೆ, ಅದಕ್ಕೆ. ನಮ್ಮವರು ಅದಕ್ಕೆ ಇಟ್ಟ ಹೆಸರು ‘ಕ್ಷಯ’, ಅಂದರೆ ಕ್ಷೀಣಿಸುವುದು. ಸಾವಿರಾರು ಮೈಲಿ ದೂರದ ಎರಡು ಕಡೆ ಜನ ಒಂದೇ ರೋಗವನ್ನು ನೋಡಿ ಒಂದೇ ಅರ್ಥದ ಹೆಸರಿಟ್ಟಿದ್ದಾರೆ. ಆ ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಕ್ಷಯಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಸ್ಯಾನಿಟೋರಿಯಂ ಆಯಿತು. ನಮ್ಮ ಊರಿನ ಹಿರಿಯರು ‘ಪಿ.ಕೆ. ಸ್ಯಾನಿಟೋರಿಯಂ’ ಅಂತ ಕರೆಯುವ ಆಸ್ಪತ್ರೆ ಅದೇ.

ಅದೇ ಕನ್ಸ್ಯೂಮ್‌ನಿಂದ ಕನ್ಸ್ಯೂಮರ್ ಹುಟ್ಟಿದ. ಮೂಲ ಅರ್ಥ ಹಿಡಿದರೆ ‘ತಿಂದು ಮುಗಿಸುವವನು’. 1986ರಲ್ಲಿ ಕೇಂದ್ರ ಸರ್ಕಾರ ಕಾಯ್ದೆ ತಂದಾಗ ಕನ್ನಡದಲ್ಲಿ ಅವನು ‘ಗ್ರಾಹಕ’ನಾದ, ಅಂದರೆ ತೆಗೆದುಕೊಳ್ಳುವವನು. ಮುಗಿಸುವ ವಾಸನೆ ಹೋಗಿಬಿಟ್ಟಿತು. ಕರೆಂಟ್ ಬಿಲ್ಲಿನಲ್ಲೂ ನಾವು ಗ್ರಾಹಕರು, ಉರಿಸಿದ್ದು ‘ಬಳಕೆ’. ಆದರೆ ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದೇ ಕನ್ಸಂಪ್ಷನ್‌ಗೆ ‘ಅನುಭೋಗ’ ಅನ್ನುತ್ತಾರೆ. ಮಕ್ಕಳು ಆ ಪದ ನೋಡಿ ನಗುತ್ತಾರೆ. ಆದರೆ ಅದು ನಮ್ಮ ಕಲ್ಲುಗಳ ಮೇಲೆಯೇ ಇರುವ ಹಳೆಯ ಮಾತು.

ವಿಜಯನಗರದ ಕಾಲದಲ್ಲಿ, ಮೈಸೂರು ಒಡೆಯರ ಕಾಲದಲ್ಲಿ ಊರನ್ನೋ ಜಮೀನನ್ನೋ ದಾನ ಕೊಟ್ಟಾಗ ಶಾಸನದಲ್ಲಿ ‘ಅಷ್ಟಭೋಗ ತೇಜಸ್ವಾಮ್ಯ’ ಅಂತ ಬರೆಯುತ್ತಿದ್ದರು. ಆ ನೆಲದ ಮೇಲೆ ಎಂಟು ಬಗೆಯ ಭೋಗ, ಎಂಟು ಬಗೆಯ ಅನುಭವಿಸುವ ಹಕ್ಕು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹಣದಿಂದ ಹಿಡಿದು ನೀರು, ಕಲ್ಲು, ಮುಂದೆ ಬರುವ ಆದಾಯದವರೆಗೆ. ನಡುವೆ ‘ಅಕ್ಷೀಣಿ’ ಅನ್ನುವುದನ್ನು ಗಮನಿಸಿ. ಕ್ಷೀಣಿಸದೆ ಇರುವುದು, ಎಷ್ಟು ಅನುಭವಿಸಿದರೂ ತೀರದ್ದು. ಅದಕ್ಕೇ ಒಂದು ಪ್ರತ್ಯೇಕ ಹಕ್ಕು. ಜೊತೆಗೆ ‘ಸೂರ್ಯ ಚಂದ್ರ ಇರುವವರೆಗೆ’ ಅನ್ನುವ ಮಾತು, ಎಷ್ಟೋ ಶಾಸನಗಳ ಮೇಲೆ ಅವರಿಬ್ಬರ ಚಿತ್ರ. ನಮ್ಮ ಕಡೆ ಹಳೆ ಗುಡಿಗಳ ಮುಂದೆ ಇಂಥ ಕಲ್ಲುಗಳಿವೆ, ಕೆಲವಕ್ಕೆ ದನ ಕಟ್ಟುತ್ತಾರೆ ಅಷ್ಟೆ.

ಮುಗಿಯುವ ಮಾತು ಆಡಲು ನಮ್ಮವರು ಮೊದಲಿಂದಲೂ ಹೆದರುತ್ತಿದ್ದರು. ಅರವತ್ತು ಸಂವತ್ಸರಗಳ ಕೊನೆಯದು ನಿಜವಾಗಿ ‘ಕ್ಷಯ’. ಪಂಚಾಂಗದಲ್ಲಿ ಅದನ್ನು ‘ಅಕ್ಷಯ’ ಅಂತ ಬರೆಯುವುದುಂಟು. ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ದೀಪ ‘ಆರಿಸು’ ಅನ್ನದೆ ‘ದೊಡ್ಡದು ಮಾಡು’ ಅನ್ನುವ ಮನೆಗಳು ಇವತ್ತಿಗೂ ಇವೆ. ಯಾರಾದರೂ ಸತ್ತರೆ ‘ತೀರಿಕೊಂಡರು’. ಈ ‘ತೀರು’ ಒಳ್ಳೆಯ ಹಳೆ ದ್ರಾವಿಡ ಪದ, ತಮಿಳು ಮಲಯಾಳದಲ್ಲೂ ಇದೆ. ಸಾಲ ತೀರುತ್ತೆ, ದಾಹ ತೀರುತ್ತೆ, ಹಗೆ ತೀರುತ್ತೆ, ವ್ಯಾಜ್ಯ ತೀರಿದರೆ ‘ತೀರ್ಪು’. ಅದರಲ್ಲಿ ಮುಗಿದ ದುಃಖಕ್ಕಿಂತ ಹೊರೆ ಇಳಿದ ಸಮಾಧಾನ ಜಾಸ್ತಿ.

‘ಖಾಲಿ’ ಮತ್ತು ‘ಖರ್ಚು’ ಬಂದದ್ದು ಬೇರೆ ದಾರಿಯಲ್ಲಿ. ಎರಡೂ ಅರಬ್ಬಿ ಮೂಲದವು, ಪಾರ್ಸಿ ಲೆಕ್ಕಪತ್ರದ ಜೊತೆಗೆ ಕನ್ನಡಕ್ಕೆ ಇಳಿದವು. ಬಾಕಿ, ವಸೂಲಿ, ಜಮಾ, ಖಜಾನೆ, ತಹಶೀಲ್ದಾರ ಇವೆಲ್ಲ ಅದೇ ಗಾಡಿಯ ಪ್ರಯಾಣಿಕರು. ಹೈದರ್, ಟಿಪ್ಪು ಕಾಲದ ಮೈಸೂರಿನ ಕಂದಾಯ ಇಲಾಖೆಯಲ್ಲಿ ಪಾರ್ಸಿ ಜೋರಾಗಿತ್ತು. ಈಗ ‘ಖಾಲಿ’ ಎಷ್ಟು ನಮ್ಮದಾಗಿದೆ ಅಂದರೆ ಅದರ ಹೆಸರಿನಲ್ಲಿ ದೋಸೆ ಇದೆ. ಹೋಟೆಲಿನಲ್ಲಿ ಖಾಲಿ ದೋಸೆ ಖಾಲಿಯಾಗೋಯ್ತು ಅಂದರೆ ಯಾರೂ ನಗುವುದಿಲ್ಲ.

ಮಾತು ಹೆದರಿದ್ದಕ್ಕೆ ಕಾರಣ ಇತ್ತು. 1876ರಿಂದ 78ರವರೆಗೆ ಬಂದ ಬರ, ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೆ ಚಾಚಿದ್ದರಿಂದ ಅದನ್ನು ಧಾತು–ಈಶ್ವರದ ಬರ ಅಂತ ಕರೆದರು. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಇಟ್ಟು ವರ್ಷಗಟ್ಟಲೆ ಕಾಪಾಡುವ ಸೀಮೆ ಇದು; ಒಂದು ವರ್ಷದ ಮಳೆ ಕೈಕೊಟ್ಟರೆ ಹಗೇವು ಕಾಯುತ್ತಿತ್ತು. ಮತ್ತೆ ಮತ್ತೆ ಕೈಕೊಟ್ಟಾಗ ಹಗೇವು ಬರಿದಾದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷ ಬಿಟ್ಟು, 1881ರಲ್ಲಿ, ಸುಮಾರು 41 ಲಕ್ಷ 86 ಸಾವಿರ. ಹುಟ್ಟಬೇಕಾದವರ ಲೆಕ್ಕ ಬಿಟ್ಟರೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಲೆಕ್ಕದಲ್ಲಿ ಇಲ್ಲ. ಇಂಥ ಕಾಲದಲ್ಲಿ ‘ಧಾನ್ಯ ಮುಗಿಯಿತು’ ಅಂದರೆ ಅರ್ಧ ಮಾತಾಗುತ್ತೆ. ಅದೇ ಬರದ ದಿನಗಳಲ್ಲಿ ದೇಶದಿಂದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುವುದು ನಿಂತಿರಲಿಲ್ಲ, ಬೆಲೆ ಬಡವನ ಕೈಗೆ ಸಿಗುತ್ತಿರಲಿಲ್ಲ. ‘ಹೋಯ್ತು’ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಕಳಿಸಿದವರು ಯಾರು ಅನ್ನುವುದು ಮಾತ್ರ ಆ ಮಾತಿನಲ್ಲಿಲ್ಲ.

ಈಗ ನಮ್ಮ ಕಾಡಿನ ವಿಷಯಕ್ಕೆ ಬರೋಣ. ‘ಹಾಕು’ ಮತ್ತು ‘ಹೋಗು’ ಎರಡೂ ಇಲ್ಲಿ ಎದುರುಬದುರು ನಿಲ್ಲುತ್ತವೆ.

ಕೊಪ್ಪದಿಂದ ಬೈಲಕುಪ್ಪೆ ಕೂಗಳತೆ. 1960ರಲ್ಲಿ ಮೈಸೂರು ಸರ್ಕಾರ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಅಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅದು ಕಾಡು. ಬಂದವರೇ ಮರ ಕಡಿದು, ಕುರುಚಲು ಸುಟ್ಟು, ಆನೆಗೆ ಹೆದರುತ್ತಾ ಹೊಲ ಮಾಡಿಕೊಂಡರು. ಹಿಮದ ನಾಡಿನಿಂದ ಬಂದು ಈ ಬಿಸಿಲಿನಲ್ಲಿ ಆ ಕೆಲಸ ಮಾಡಿದವರಲ್ಲಿ ಎಷ್ಟೋ ಜನ ಕಾಯಿಲೆ ಬಿದ್ದರು. ಇವತ್ತು ಟೀ ಅಂಗಡಿಯಲ್ಲಿ ಕಾಡಿನ ಮಾತು ಬಂದರೆ ‘ಅಲ್ಲೆಲ್ಲ ಕಾಡು ಕಡ್ದಾಕಿದ್ರು’ ಅನ್ನುತ್ತಾರೆ. ಮಾತು ಸುಳ್ಳಲ್ಲ. ಕೊಟ್ಟದ್ದು ಸರ್ಕಾರ ಅನ್ನುವುದು ಆ ವಾಕ್ಯದಿಂದ ಬಿಟ್ಟುಹೋಗಿದೆ, ಅಷ್ಟೆ.

ಅದೇ ಟೀ ಅಂಗಡಿಯಲ್ಲಿ ಹೊಗೆಸೊಪ್ಪಿನ ಮಾತು ಬರಲಿ. ‘ಈ ಸಲ ಸೌದೆ ಬೇಗ ಆಗೋಯ್ತು.’ ಕಡಿದವರು ಯಾರೂ ಇಲ್ಲ, ಸುಟ್ಟವರು ಯಾರೂ ಇಲ್ಲ.

ವರ್ಜೀನಿಯಾ ಹೊಗೆಸೊಪ್ಪಿನ ಕೆಲಸ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಲೆಕ್ಕಕ್ಕೆ ಬೇಕು ಅಂತ ಹೇಳುತ್ತೇನೆ. ಮೇ–ಜೂನ್‌ನಲ್ಲಿ ನಾಟಿ, ಮಳೆಗಾಲದಲ್ಲಿ ಎಲೆ ಮುರಿಯುವುದು, ಕಡ್ಡಿಗೆ ಕಟ್ಟಿ ಬ್ಯಾರನ್ ತುಂಬುವುದು, ಐದಾರು ದಿನ ಹಗಲು ರಾತ್ರಿ ಬೆಂಕಿ. ಹಸಿ ಎಲೆಯ ಹೆಚ್ಚುಪಾಲು ಬರೀ ನೀರು. ಕೊಳವೆಯಲ್ಲಿ ಹರಿಯುವ ಬಿಸಿ ಆ ನೀರನ್ನೆಲ್ಲ ಸೇದಿ ಹೊರಗೆ ಹಾಕುತ್ತೆ. ಮೊದಲು ಹಳದಿ ಬಣ್ಣ, ಆಮೇಲೆ ಎಲೆ ಒಣಗುವುದು, ಕೊನೆಗೆ ದಂಟು. ಎಕ್ಸಾಸ್ಟ್ ಅನ್ನುವ ಪದದ ಮೂಲ ಅರ್ಥಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಹೀಗೆ ಒಂದು ಕಿಲೋ ಸೊಪ್ಪು ಬೇಯಿಸಿ ಹದ ಮಾಡಲು ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು.

ತಂಬಾಕು ಮಂಡಳಿ ಕಾಯ್ದೆ ಬಂದದ್ದು 1975ರಲ್ಲಿ, ಮಂಡಳಿ ಶುರುವಾದದ್ದು ಮರುವರ್ಷ, ಗುಂಟೂರಿನಲ್ಲಿ. ಕರ್ನಾಟಕದಲ್ಲಿ ಹರಾಜು ವ್ಯವಸ್ಥೆ 1984ರಿಂದ. ಇತ್ತೀಚಿನ ವರ್ಷಗಳಲ್ಲಿ ರಾಜ್ಯಕ್ಕೆ ಒಪ್ಪಿಗೆ ಸಿಗುವ ಬೆಳೆ 10 ಕೋಟಿ ಕಿಲೋ ಆಸುಪಾಸು, ಅದರಲ್ಲಿ ಬಹುಪಾಲು ನಮ್ಮ ಈ ಸೀಮೆಯದು. ಕಿಲೋಗೆ ನಾಲ್ಕೇ ಕಿಲೋ ಸೌದೆ ಅಂತ ಹಿಡಿದು ಗುಣಿಸಿ: 40 ಕೋಟಿ ಕಿಲೋ, ಅಂದರೆ 4 ಲಕ್ಷ ಟನ್. ಹತ್ತು ಟನ್ನಿನ ಲಾರಿಯಲ್ಲಿ ತುಂಬಿದರೆ 40,000 ಲೋಡ್. ಒಂದು ಹಂಗಾಮಿಗೆ. ಇದು ಕೈಯ ಮೇಲಿನ ಲೆಕ್ಕ. ತೆಂಗಿನ ಮೊಟ್ಟೆ, ಕಾಫಿ ಹೊಟ್ಟು ಉರಿಸುವವರೂ ಇದ್ದಾರೆ, ಹೊಗೆ ಕಡಿಮೆ ಸೌದೆ ಕಡಿಮೆ ಅನ್ನುವ ಸುಧಾರಿತ ಬ್ಯಾರನ್‌ಗಳೂ ಬಂದಿವೆ. ಅರ್ಧಕ್ಕೆ ಇಳಿಸಿದರೂ 20,000 ಲೋಡ್ ಉಳಿಯುತ್ತೆ.

1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ. ಕಾಡಿನ ಬಾಗಿಲು ಮುಚ್ಚುತ್ತಾ ಹೋದ ಹಾಗೆ ಕೊಡಲಿ ಹೊಲದ ಬದುವಿಗೆ ಬಂತು. ಮಾವು, ಹುಣಸೆ, ಹಲಸು, ಕೊಡಗಿನ ತೋಟದ ಸಿಲ್ವರ್ ಓಕ್, ಸರ್ವೆ, ನೀಲಗಿರಿ. ಹುಣಸೂರಿನ ಹೆಸರಿನಲ್ಲೇ ಹುಣಸೆ ಇದೆ ಅಂತ ಹೇಳಿ ನಿಟ್ಟುಸಿರು ಬಿಡುವುದು ಸುಲಭ, ನಾನು ಬಿಡಲ್ಲ. ಬ್ಯಾರನ್ ಇಟ್ಟುಕೊಂಡ ರೈತ ಕೆಟ್ಟವನಲ್ಲ. ಈ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಮಗಳ ಮದುವೆ, ಮಗನ ಫೀಸು, ಮೇಲೊಂದು ಸೂರು ಇವನ್ನೆಲ್ಲ ಕೊಟ್ಟದ್ದು ಹೊಗೆಸೊಪ್ಪು. ತಂಬಾಕು ಬೇಡ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದಕ್ಕೆ ಭಾರತ 2004ರಲ್ಲಿ ಅಂಗೀಕಾರ ಕೊಟ್ಟಿತು. ಅದಾದ ಮೇಲೂ ಸೊಪ್ಪು ಹರಾಜಾಗುತ್ತಲೇ ಇದೆ, ಅದರ ದುಡ್ಡಿನಲ್ಲಿ ಸರ್ಕಾರಕ್ಕೂ ಪಾಲಿದೆ. ಹಾಗಿರುವಾಗ ‘ಸುಟ್ಟಾಕಿದ್ರು’ ಅಂತ ರೈತನೊಬ್ಬನ ತಲೆಗೆ ಕಟ್ಟುವುದೂ ಅರ್ಧ ವಾಕ್ಯವೇ. ಆ ವಾಕ್ಯದಲ್ಲಿ ಕಂಪನಿ ಇರಬೇಕು, ಮಂಡಳಿ ಇರಬೇಕು, ದೂರದೂರಿನಲ್ಲಿ ಕೂತು ಸೇದುವವನೂ ಇರಬೇಕು. ಸೌದೆ ತಾನಾಗಿ ‘ಆಗೋಯ್ತು’ ಅನ್ನುವಾಗ ಇವರೆಲ್ಲರೂ ಒಟ್ಟಿಗೆ ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ, ನಾವೂ ಅವರ ಜೊತೆಗೆ.

ಹರಾಜು ಮುಗಿದು ದುಡ್ಡು ಬ್ಯಾಂಕಿಗೆ ಬಂದ ದಿನ ಇದೇ ರೈತ ಏನು ಹೇಳುತ್ತಾನೆ ಕೇಳಿ. ‘ಸೊಸೈಟಿ ಸಾಲ ತೀರಿಸ್ದೆ.’ ತೀರೋಯ್ತು ಅನ್ನುವುದಿಲ್ಲ. ತೀರು–ತೀರಿಸು, ಮುಗಿ–ಮುಗಿಸು, ಸವೆ–ಸವೆಸು, ಬತ್ತು–ಬತ್ತಿಸು: ಆ ಸಣ್ಣ ‘ಇಸು’ ಸೇರಿದರೆ ಮಾಡಿದವನು ಎದ್ದು ನಿಲ್ಲುತ್ತಾನೆ. ಕಷ್ಟಪಟ್ಟು ಮಾಡಿದ ಕೆಲಸಕ್ಕೆ ನಮಗೆ ‘ಇಸು’ ತಾನಾಗಿ ಬಾಯಿಗೆ ಬರುತ್ತೆ.

ನೀರಿನಲ್ಲಿ ಈ ಬದಲಾವಣೆ ನಮ್ಮ ಕಣ್ಣೆದುರೇ ಆಗಿದೆ. ಬಾವಿ ಇದ್ದಾಗ ‘ಎಂಟು ಕೊಡ ಸೇದಿದೆ’ ಅನ್ನುತ್ತಿದ್ದರು ಅವ್ವಂದಿರು. ಸೇದಿದವಳ ಅಂಗೈಗೆ ಹಗ್ಗದ ಲೆಕ್ಕ ಗೊತ್ತಿರುತ್ತಿತ್ತು. ಹಗ್ಗ ಒಂದು ಮಾರು ಉದ್ದ ಬೇಕಾದರೆ ನೀರು ಇಳಿದದ್ದು ಆ ದಿನವೇ ಮನೆಗೆಲ್ಲ ತಿಳಿಯುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ‘ಸೇದು’ ಬೀಡಿಗೆ ಮಾತ್ರ ಉಳಿಯಿತು. ಈಗ ನೀರನ್ನು ಯಾರೂ ತೆಗೆಯುವುದಿಲ್ಲ. ಕರೆಂಟ್ ಬಂದರೆ ನೀರು ‘ಬರುತ್ತೆ’. ಮುನ್ನೂರು ಅಡಿ, ಐನೂರು ಅಡಿ ಕೆಳಗಿನ ಲೆಕ್ಕ ಅಂಗೈಗೆ ತಾಗುವುದಿಲ್ಲ. ಒಂದು ಬೆಳಿಗ್ಗೆ ಸ್ಟಾರ್ಟರ್ ಒತ್ತಿದರೆ ಪೈಪಿನಲ್ಲಿ ಬರೀ ಗಾಳಿ, ಬಾಯಲ್ಲಿ ‘ಬೋರು ನಿಂತೋಯ್ತು’. ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆಸಿ ನೀರು ತೆಗೆದನೋ, ಆಗ ಮಾತು ಸರಕ್ಕನೆ ತಿರುಗುತ್ತೆ: ‘ನಮ್ ನೀರ್ನೆಲ್ಲ ಅವ್ನೇ ಎಳ್ದಾಕ್ದ.’